ಕುಕ್ಕರಿನ ಮುಚ್ಚಳಕ್ಕೆ ಗೇಜು

ವಿಷಲ್ ಎಣಿಸಿ ಬೇಳೆ ಬೇಯಿಸುವ ಅನಾಗರಿಕ ಕಾಲಕ್ಕೆ ನಮ್ಮ ಮರಳೂರಿನ ಮನೆಯಲ್ಲಿ ನಾನೇ ಮಂಗಳ ಹಾಡುತ್ತೇನೆ! ೧೯೭೯ರ ಒಂದು ಭಾನುವಾರ ಬೆಳಿಗ್ಗೆ ನಾನು ಕೈಗೊಂಡ ಘನ ನಿರ್ಧಾರವಿದು. ಯಾರಿಗೂ ಹೇಳಲಿಲ್ಲ. ನನಗೆ ಮಾತೆಂದರೆ ಸಂಕೋಚ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಬೆವರುತ್ತಿದ್ದೆ. ಆ ಬೆವರಿನಲ್ಲೇ ನನ್ನ ಎಸ್ಸೆಸ್ಸೆಲ್ಸಿ ಅರ್ಧಕ್ಕೆ ತೇಲಿಹೋಗಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಚನ್ನವೀರಯ್ಯನವರು ಬರುವವರಿದ್ದರು. ಗುಬ್ಬಿಯಲ್ಲಿ ಬಾಯ್ಲರುಗಳ ಒತ್ತಡ ತೋರಿಸುವ ಪ್ರೆಷರ್ ಗೇಜು ರಿಪೇರಿ ಮಾಡುವ ಅಂಗಡಿ ಅವರದು. ನನ್ನನ್ನು ಒಪ್ಪಿದರೆ ಕೆಲಸ. ಒಪ್ಪದಿದ್ದರೆ ಕುಣಿಗಲ್ಲಿನ ಅತ್ತೆಯ ಮನೆ, ಟ್ಯೂಶನ್, ಮತ್ತೆ ಅದೇ ಪರೀಕ್ಷೆ! ಬಾಯಿಂದ ಮೆಚ್ಚಿಸುವುದು ನನ್ನಿಂದಾಗದು. ಕೈಕೆಲಸ ತೋರಿಸಿಯೇ ಗೆಲ್ಲಬೇಕು.

ಲಾರಿ ತೊಳೆಯುವ ಪಂಪಿನಿಂದ ಕಳಚಿ ಬಿಸಾಕಿದ್ದ ಗೇಜೊಂದು ನನ್ನಲ್ಲಿತ್ತು. ಬಿಚ್ಚಿ ಅದರ ಮರ್ಮ ತಿಳಿದಿದ್ದೆ. ಒಳಗೆ ಬಿಲ್ಲಿನಂತೆ ಬಾಗಿದ ಚಪ್ಪಟೆ ಹಿತ್ತಾಳೆ ಕೊಳವೆ. ಅದರ ತುದಿ ಮುಚ್ಚಿರುತ್ತದೆ. ಸುರುಳಿ ಕಾಗದದ ಪೀಪಿ ಊದಿದಾಗ ಬಿಚ್ಚಿಕೊಳ್ಳುವುದಿಲ್ಲವೆ? ಹಾಗೆಯೇ ಹಬೆ ನುಗ್ಗಿದಾಗ ಈ ಕೊಳವೆಯೂ ನೆಟ್ಟಗಾಗಲು ಹವಣಿಸುತ್ತದೆ. ತುದಿ ಕೂದಲೆಳೆಯಷ್ಟು ಸರಿದರೂ ಸಾಕು, ಹಲ್ಲಿನ ಚಕ್ರ ತಿರುಗಿ ಮುಳ್ಳು ಓಡುತ್ತದೆ. ಗಿರಣಿಯ ಬಾಯ್ಲರಿಗೆ, ರೈಲಿನ ಉಗಿ ಎಂಜಿನ್ನಿಗೆ, ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಸಿಕ್ಕಿರುವ ಈ ಗೌರವ ನಮ್ಮಮ್ಮನ ಕುಕ್ಕರಿಗೇಕೆ ಸಿಗಬಾರದು?

ಅಮ್ಮ ನೀರಿಗೆ ಹೋದಾಗ ಮುಚ್ಚಳಕ್ಕೆ ತೂತು ಕೊರೆದು, ಎರಡು ವಾಷರ್ ಕೊಟ್ಟು, ಗೇಜು ಬಿಗಿದೆ. ವಿಷಲ್ಲನ್ನು ಮುಟ್ಟಲಿಲ್ಲ, ನಾನು ಎಚ್ಚರದವನು. ಕುಕ್ಕರಿನ ಜೊತೆ ಬಂದ ಪುಸ್ತಕವನ್ನು ಮೂರು ಸಲ ಓದಿದೆ. ಒತ್ತಡ ಹದಿನೈದು ಪೌಂಡು. ಸರಿ, ಮುಳ್ಳು ಹದಿನೈದಕ್ಕೆ ಬಂದರೆ ಬೇಳೆ ಬೆಂದಂತೆ!

"ಏನ್ಲಾ ಇದು, ಕುಕ್ಕರ್‌ಗೆ ಗಡಿಯಾರ ಕಟ್ಟಿದೀಯ?" ಎಂದಳು ಅಮ್ಮ.

"ಗೇಜು ಕಣಮ್ಮ. ಇನ್ಮೇಲೆ ಕೂಗು ಎಣಿಸ್ಬೇಡ. ಮುಳ್ಳು ನೋಡು."

ಮೊದಲ ಕೂಗಿಗೆ ಮುಳ್ಳು ಒಂದಕ್ಕೆ ಬಂತು. ಮೂರನೆಯ ಕೂಗಿಗೂ ಒಂದೇ.

"ಮೂರಾಯ್ತು, ಇಳಿಸ್ತೀನಿ."

"ಬೇಡ! ಇನ್ನೂ ಹದಿನಾಲ್ಕು ಬಾಕಿ!"

"ನಿನ್ ಮುಳ್ಳಿಗೇನ್ಲಾ ಗೊತ್ತು ಬೇಳೆ ವಿಷ್ಯ?"

"ವಿಷಲ್‌ಗೇನ್ ಗೊತ್ತು? ಅದು ಬರೀ ಕಿರುಚುತ್ತೆ!"

ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ಧ್ವನಿ ಅಡಿಗೆಮನೆ ದಾಟಿತ್ತು. ಕೂಗು ಏಳಾಯಿತು, ಎಂಟು, ಒಂಬತ್ತು! ನಮ್ಮ ವಠಾರದಲ್ಲಿ ಒಬ್ಬರ ಮನೆಯ ಕೂಗನ್ನು ನಾಲ್ಕು ಮನೆಯವರು ಎಣಿಸುತ್ತಾರೆ. ಗೋಡೆಯಾಚೆಯಿಂದ ಶಿವರುದ್ರಮ್ಮ ಕೇಳಿಯೇಬಿಟ್ಟರು:

"ಸಿದ್ದಲಕ್ಷ್ಮಮ್ಮಾ, ಬೇಳೆ ಬೇಯಿಸ್ತಿದೀರೋ, ಜಲ್ಲಿಕಲ್ಲು ಬೇಯಿಸ್ತಿದೀರೋ?"

ಮುಳ್ಳು ಒಂದನ್ನು ಬಿಟ್ಟು ಕದಲಲಿಲ್ಲ. ನಾನೂ ಸ್ಟೌ ಬಿಟ್ಟು ಕದಲಲಿಲ್ಲ. ಹದಿನೇಳನೆಯ ಕೂಗು ಕೂಗಲೇ ಇಲ್ಲ. ಬದಲಿಗೆ ಸೀದ ವಾಸನೆ ಬಂತು. ಅಮ್ಮ ನನ್ನನ್ನು ತಳ್ಳಿ ಸ್ಟೌ ಆರಿಸಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಚನ್ನವೀರಯ್ಯನವರು!

ಕುಕ್ಕರ್ ತಣ್ಣಗಾದ ಮೇಲೆ ತೆರೆದರೆ ತಳದಲ್ಲಿ ಇದ್ದಿಲು, ಮೇಲೆ ಅಂಟು. "ನೋಡಣ್ಣ, ಇವನ ಘನಕಾರ್ಯಾನ," ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಣ್ಣ ಮುಂದೆ ಕುಣಿಗಲ್ ಬಸ್ಸು ಹಾದುಹೋಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಗೇಜಲ್ಲಿ ಏನೂ ತಪ್ಪಿಲ್ಲ ಸಾರ್!" ಎಂದೆ.

ಅವರು ಬೇಳೆಯತ್ತ ನೋಡಲೇ ಇಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದು, ವಾಷರ್ ಸುತ್ತ ಉಗುರಾಡಿಸಿದರು. "ಜಾಯಿಂಟು ನೀನೇ ಮಾಡಿದ್ದಾ? ಒಂದು ಹನಿ ಸೋರಿಲ್ವಲ್ಲೋ!"

"ಹೂಂ ಸಾರ್. ಮುಳ್ಳೂ ಸುಳ್ಳು ಹೇಳಿಲ್ಲ."

"ಸುಳ್ಳೆಲ್ಲಿ ಹೇಳ್ತು? ಇದು ಕೆ.ಜಿ. ಲೆಕ್ಕದ ಗೇಜು ಕಣಪ್ಪ. ಇದ್ರಲ್ಲಿ ಒಂದು ಅಂದ್ರೇನೇ ಹೆಚ್ಚುಕಮ್ಮಿ ಹದಿನೈದು ಪೌಂಡು. ಪಾಪ, ಮೊದಲನೇ ಕೂಗಿಗೇ ಇದು ಕರೆಕ್ಟಾಗಿ ಹೇಳ್ಬಿಟ್ಟಿದೆ. ಕೇಳೋರಿಲ್ಲ ಅಷ್ಟೆ!"

ನನ್ನ ಕಿವಿಗಳು ಸ್ಟೌ ಬತ್ತಿಯಂತೆ ಕಾದವು.

"ನಾಳೆಯಿಂದ ಅಂಗಡಿಗೆ ಬಾ," ಎಂದರು.

"ರಿಪೇರಿಗಾ ಸಾರ್?"

"ರಿಪೇರಿ ಆಮೇಲೆ. ಮೊದಲ ತಿಂಗಳು ಗೇಜುಗಳ ಗಾಜು ಒರೆಸು. ಒರೆಸಿದ್ಮೇಲೆ, ಒಳಗೆ ಏನ್ ಬರ್ದಿದಾರೆ ಅಂತ ಓದು!"