ಗಫೂರರ ಮಡುವೂ ನನ್ನ ಜಿಪಿಎಸ್ಸೂ

ಇಡೀ ಕೆರೆಯನ್ನು ಅಳೆದು ನಕ್ಷೆ ಮಾಡಿಯೇ ತೀರುತ್ತೇನೆಂದು ಶಪಥ ಮಾಡಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಯಾವ ಬಟ್ಟೆ ಅಂಗಡಿಯವನಿಗೂ ಅರ್ಧ ಗೇಣು ಮೋಸ ಮಾಡಲು ಬಿಟ್ಟವಳಲ್ಲ. ಕೆರೆ ಯಾವ ಲೆಕ್ಕ?

ಕೆರೆ ಇರುವುದು ಹಾಲೆಂಡಿನ ಗ್ರೋನಿಂಗನ್ ಊರಾಚೆ. ನಮ್ಮ ಯಜಮಾನರು ಗಫೂರ್ ಒಂಬತ್ತು ವರ್ಷ ಭಾನುವಾರ ತಪ್ಪದೆ ಅಲ್ಲಿ ಗಾಳ ಹಾಕಿದರು. ಎಲ್ಲ ಕಡೆ ಸೊಂಟದುದ್ದ ನೀರು, ಒಂದೇ ಕಡೆ ಮಡು, ಮೀನೆಲ್ಲ ಅಲ್ಲಿ ಎನ್ನುತ್ತಿದ್ದರು. ಎಲ್ಲಿ ಎಂದು ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತನೇ ಇಸವಿಯ ಸೆಪ್ಟೆಂಬರಿನಲ್ಲಿ ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಉಳಿದದ್ದು ಒಂದೇ ಗುರುತು. ಅವರ ದೋಣಿಯ ಲಂಗರು ಹಗ್ಗಕ್ಕೆ ಕೆಂಪು ದಾರ ಕಟ್ಟಿದ್ದರು. ಆ ದಾರದವರೆಗೂ ಹಗ್ಗ ಎಲ್ಲಿ ಇಳಿಯುತ್ತದೋ ಅದೇ ಮಡು. ಮನುಷ್ಯನ ಜೊತೆ ಜಾಗವೂ ಹೋಯಿತು ಎಂದು ಬಿಡಲು ನನಗೆ ಮನಸ್ಸಾಗಲಿಲ್ಲ.

ಗಂಡ ಸತ್ತವಳು ಹಿಡಿಯಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಮನೆಯೊಳಗೇ ಕೂತೆ. ಅಷ್ಟರಲ್ಲಿ ಲಾಕ್‌ಡೌನ್ ಬಂದು ಇಡೀ ದೇಶವೇ ನನ್ನ ಜೊತೆ ಇದ್ದತ್ ಕೂತಿತು. ಮಡು ಸಿಕ್ಕರೆ ಜಾಗ ಗುರುತು ಹಾಕಿಡಲೆಂದು ಆಗಲೇ ಜಿಪಿಎಸ್ ಆರಿಸಿದ್ದು. ಸಲಹೆಗಾರ ಕೇಶವ, ಮೈಸೂರಿನವನು, ಯಜಮಾನರ ಕೆರೆದಡದ ಗೆಳೆಯ. ಮೀನು ತಿನ್ನುವುದಿಲ್ಲ, ಮೀನು ಹಿಡಿಯುವವರ ಹತ್ತಿರ ಹರಟುವುದು ಮಾತ್ರ. ಫೋನಿನಲ್ಲೇ ಹನ್ನೊಂದು ಮಾಡೆಲ್ ಓದಿ ಹೇಳಿದ.

"ಭಾಭಿ, ಇದು ಟಚ್‌ಸ್ಕ್ರೀನು, ಅದ್ಭುತ."

"ಚಳಿಗೆ ಕೈಗವಸು ಹಾಕ್ಕೊಂಡಿರ್ತೀನಿ. ಬೆರಳು ಹೆಂಗ್ ತಿಳಿಯುತ್ತೆ ಅದಕ್ಕೆ? ಗುಂಡಿ ಇರೋದು ಹೇಳು."

"ಹಾಗಾದ್ರೆ ಫೋನ್ ಸಾಕಲ್ವಾ?"

"ನಿನ್ನ ಫೋನು ಮೊನ್ನೆ ಸಂತೆ ಬೀದಿ ಚಳಿಗೇ ಸತ್ತುಹೋಯ್ತು ಅಂತ ನೀನೇ ಹೇಳಿದ್ಯಲ್ಲ."

"ಇದರಲ್ಲಿ ಯೂರೋಪಿನ ಎಲ್ಲ ಬೆಟ್ಟದ ನಕ್ಷೆ ಇದೆ."

"ಈ ದೇಶದಲ್ಲಿ ಬೆಟ್ಟ ಎಲ್ಲಪ್ಪಾ ಇದೆ?"

ಕೊನೆಗೆ ನನ್ನ ಕಾನೂನು ಮೂರು. ದಪ್ಪ ಗುಂಡಿ ಇರಬೇಕು. ಸಾಮಾನ್ಯ ಸೆಲ್ ಹಾಕುವಂತಿರಬೇಕು. ಬಿದ್ದರೆ ಒಡೆಯಬಾರದು. ಅಂಥದ್ದು ಒಂದು ಸಿಕ್ಕಿತು. ಸಾಬೂನಿನ ಡಬ್ಬಿಯಷ್ಟು ಚಂದ, ಇಟ್ಟಿಗೆಯಷ್ಟು ಗಟ್ಟಿ.

ಮಗಳು ನಾಜ್ನೀನ್ ಅದನ್ನು ಸರಿಮಾಡಿಕೊಟ್ಟಳು. "ಅಮ್ಮಿ, ಒಂದನೇ ನಂಬರಿಗೆ ಮೆಕ್ಕಾದ ಕಾಬಾ ಹಾಕಿದೀನಿ. ಬಾಣ ತೋರಿಸಿದ ಕಡೆ ನಮಾಜ್. ಕೆರೆಯ ಜಾಗ ಎಲ್ಲ ಎರಡರಿಂದ ಶುರುಮಾಡು."

"ನನಗೆ ಹೇಳ್ಕೊಡ್ತೀಯಾ?" ಎಂದೆ.

ಫೆಬ್ರವರಿಯಲ್ಲಿ ದೇವರೇ ಕೆರೆಗೆ ಗಾಜು ಹಾಕಿಸಿಕೊಟ್ಟ. ಊರೆಲ್ಲ ಸ್ಕೇಟ್ ಕಟ್ಟಿಕೊಂಡು ಇಳಿಯಿತು. ನಾನು ಬೈರಿಗೆ ಹಿಡಿದು ಇಳಿದೆ. ಜೊತೆಗೆ ಕೇಶವ, ಕೊರೊನಾ ಕಾನೂನಿನಂತೆ ಒಂದೂವರೆ ಮೀಟರ್ ದೂರದಲ್ಲಿ. ಜನ ಸುಳಿಯದ ಜೊಂಡಿನ ಮೂಲೆಯಲ್ಲಿ ತೂತು ಕೊರೆಯುವುದು, ಹಗ್ಗ ಬಿಡುವುದು, ಆಳ ಹೇಳುವುದು, ಕೇಶವ ಬರೆದುಕೊಳ್ಳುವುದು. ಒಬ್ಬ ಡಚ್ ಅಜ್ಜ ಸರ್ರನೆ ಬಂದು ನಿಂತ.

"ಮೆವ್ರೌ, ಐಸಿಗೆ ಯಾಕೆ ತೂತು?"

"ಮ್ಯಾನ್ ಡೋಡ್," ಎಂದೆ. ಗಂಡ ಸತ್ತರು ಎಂದು. ನನಗೆ ಬರುವ ಡಚ್ಚೇ ಅಷ್ಟು. ಅಜ್ಜ ಟೋಪಿ ತೆಗೆದು, ಹೆದರಿದವನ ಹಾಗೆ ನನ್ನನ್ನೂ ತೂತನ್ನೂ ನೋಡಿ, ಬಂದದ್ದಕ್ಕಿಂತ ಜೋರಾಗಿ ಜಾರಿಹೋದ.

ಹದಿನಾಲ್ಕನೇ ತೂತಿನಲ್ಲಿ ಹಗ್ಗ ಇಳಿಯುತ್ತಲೇ ಹೋಯಿತು. ಕೆಂಪು ದಾರ ನೀರು ಮುಟ್ಟಿ ನಿಂತಿತು. ಡಬ್ಬಿಯ ಗುಂಡಿ ಒತ್ತಿದೆ. ಅದು ಏನೋ ಕೇಳಿತು. ಈ ದೇಶದಲ್ಲಿ ಏನು ಕೇಳಿದರೂ ಹೌದು ಎನ್ನುವುದೇ ನನ್ನ ಪದ್ಧತಿ, ಹೌದು ಒತ್ತಿದೆ. ಅಲ್ಲೇ ಅವರ ಗಾಳ ಬಿಟ್ಟು ಅರ್ಧ ಗಂಟೆ ಕೂತೆ. ಮೀನು ಬೀಳಲಿಲ್ಲ. ಬೇಜಾರಾಗಲಿಲ್ಲ.

ಮರುದಿನ ನಮಾಜಿಗೆ ನಿಂತರೆ ಬಾಣ ಅಡುಗೆಮನೆಯ ಫ್ರಿಜ್ ಕಡೆಗಿತ್ತು. ಇಷ್ಟು ದಿನ ಕಿಟಕಿ ಕಡೆ ಇತ್ತಲ್ಲ? ಆ ಡಬ್ಬಿಗೆ ಆಕಾಶದಿಂದ ಸುದ್ದಿ ಬರುತ್ತದೆಂದು ಕೇಶವನೇ ಹೇಳಿದ್ದ. ಸುದ್ದಿ ತಿದ್ದಿ ಬಂದಿರಬೇಕೆಂದು ಚಾಪೆ ತಿರುಗಿಸಿದೆ. ಸೋಫಾ ಅಡ್ಡ ಬಂತು, ಸೋಫಾ ಸರಿಸಿದೆ. ಸೂರ್ಯನೇ ಕಾಣದ ಊರು, ಪೂರ್ವ ಯಾವುದೆಂದು ಯಾರು ನೋಡುತ್ತಾರೆ? ನಾಜ್ನೀನ್ ತನ್ನ ಕೋಣೆಯಲ್ಲಿ ದಿನವಿಡೀ ಲ್ಯಾಪ್‌ಟಾಪಿನ ಮುಂದೆ. ಸೋಫಾ ಯಾಕೆ ಎಂದಳು, ಧೂಳು ಎಂದೆ.

ನನಗೆ ತಿಳಿದರೆ ಸಾಕೇ? ಮೇಲಿನ ಮನೆಯ ಶಿಫಾಗೂ ಫೋನ್ ಮಾಡಿ ಹೊಸ ದಿಕ್ಕು ತಿಳಿಸಿದೆ.

"ಆಂಟಿ, ನಮ್ಮ ಚಾಪೆ ಆ್ಯಪ್‌ನಲ್ಲಿ ದಿಕ್ಕು ನೋಡಿ ಹಾಕಿದ್ದು," ಎಂದಳು.

"ನಿನ್ನ ಆ್ಯಪ್ ಬಿಟ್ಟಿ ಬಂದಿದ್ದು. ಇದು ಕಾಸು ಕೊಟ್ಟಿದ್ದು."

ಪಾಪದ ಹುಡುಗಿ. ಚಾಪೆ ತಿರುಗಿಸಿದಳು.

ಮಾರ್ಚ್ ನಡುವಿಗೆ ಬಿಸಿಲು ಬಂತು. ಯಜಮಾನರ ರಬ್ಬರ್ ದೋಣಿಗೆ ಗಾಳಿ ತುಂಬಿ ನಾನೂ ನಾಜ್ನೀನೂ ಕೆರೆಗಿಳಿದೆವು. ಕೇಶವ ದಡದಲ್ಲಿ ನಿಂತ. "ಎರಡನೇ ನಂಬರ್ ತೆಗಿ," ಎಂದು ಮಗಳಿಗೆ ಗತ್ತಿನಲ್ಲಿ ಹೇಳಿದೆ.

"ಎರಡು ಇಲ್ಲ ಅಮ್ಮಿ."

"ಸರಿಯಾಗಿ ನೋಡು."

"ಒಂದೇ ಇರೋದು."

ನನ್ನ ಕೈಯಿಂದ ಹುಟ್ಟು ಜಾರಿತು. ಐಸ್ ಕರಗಿತ್ತು, ತೂತುಗಳಿರಲಿಲ್ಲ. ಕೇಶವನ ಚೀಟಿಯಲ್ಲಿ ಆಳ ಇತ್ತು, ಜಾಗ ಇರಲಿಲ್ಲ. ಒಂದು ಸಲ ಸಿಕ್ಕಿದ್ದನ್ನು ನಾನೇ ಕಳೆದಿದ್ದೆ. ನೀರು ಎಲ್ಲ ಕಡೆ ಒಂದೇ ಥರ ಇತ್ತು. ಅಳಬಾರದೆಂದು ಮೂಗು ಒರೆಸಿಕೊಂಡೆ.

ನಾಜ್ನೀನ್ ಡಬ್ಬಿಯನ್ನು ಎರಡು ಸಲ ನೋಡಿದಳು. "ಅಮ್ಮಿ, ಕಾಬಾ ಇಲ್ಲಿಂದ ನೂರ ಅರವತ್ತು ಮೀಟರ್ ಅಂತ ತೋರಿಸ್ತಿದೆ."

ನಾನು ಡಬ್ಬಿಯನ್ನು ನನ್ನ ಕಡೆ ತಿರುಗಿಸಿಕೊಂಡು ನೋಡಿದೆ.

"ನೀನು ಹೊಸ ಜಾಗ ಸೇರಿಸಿಲ್ಲ. ಕಾಬಾನೇ ಎತ್ತಿ ಈ ಕೆರೇಲಿ ಇಟ್ಟಿದೀಯ. ನಮಾಜ್ ಯಾವ ಕಡೆ ಮಾಡ್ತಿದ್ದೆ?"

"ಫ್ರಿಜ್ ಕಡೆ."

"ತಿಂಗಳಿಂದ?"

"ಶಿಫಾನೂ," ಎಂದೆ. ಮುಚ್ಚಿಟ್ಟು ಏನು ಪ್ರಯೋಜನ?

ಮಗಳು ದೋಣಿ ಅಲ್ಲಾಡುವಷ್ಟು ನಕ್ಕಳು. ಸೆಪ್ಟೆಂಬರಿನಿಂದ ಆ ನಗು ಕೇಳಿರಲಿಲ್ಲ. ಬಾಣದ ಹಿಂದೆ ಹುಟ್ಟು ಹಾಕಿದಳು. ನೂರಾಯಿತು, ನಲವತ್ತಾಯಿತು, ಮೂರಾಯಿತು. ಲಂಗರು ಬಿಟ್ಟೆ. ಕೆಂಪು ದಾರ ನೀರಿಗೆ ಸರಿಯಾಗಿ ಬಂದು ನಿಂತಿತು. ಮಡು ಎಲ್ಲಿಗೂ ಹೋಗಿರಲಿಲ್ಲ. ತಪ್ಪು ಮಾಡಿದ್ದರಿಂದಲೇ ಉಳಿದಿತ್ತು.

ಅಲ್ಲಿಂದಲೇ ಶಿಫಾಗೆ ಫೋನ್ ಮಾಡಿ ಒಪ್ಪಿಕೊಂಡೆ. "ಗೊತ್ತಿಲ್ದೆ ಆಗಿದ್ದು, ಅಲ್ಲಾಹ್ ಕಬೂಲ್ ಮಾಡ್ತಾನೆ ಆಂಟಿ," ಎಂದಳು. "ಆದ್ರೆ ಈ ದಿಕ್ಕಿಗೆ ಅಂತ ನಮ್ಮೋರು ಬೀರೂನೇ ಬಿಚ್ಚಿ ಜೋಡಿಸಿದ್ರು. ಅವ್ರಿಗೆ ನೀವೇ ಹೇಳಿ."

ದಡಕ್ಕೆ ಬಂದು ಕೇಶವನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದ.

"ಭಾಭಿ, ಒಂಬತ್ತು ವರ್ಷ ಬೇಡ್ಕೊಂಡ್ರೂ ಗಫೂರ್ ಭಾಯಿ ಆ ಜಾಗ ನನಗೆ ಹೇಳ್ಲಿಲ್ಲ. ನೀವು ನೋಡಿದ್ರೆ ದಿನಕ್ಕೆ ಐದು ಸಲ ಬಿಲ್ಡಿಂಗಿಗೇ ತೋರಿಸಿದೀರಲ್ಲ."