ಮಾಳಿಗೆ ಶಾಲೆಗೆ ನನ್ನ ರಾಜೀನಾಮೆ

ನಾನು ಓದಿದ ಶಾಲೆಯಲ್ಲಿ ನಾಲ್ಕು ವರ್ಷವೂ ಮೊದಲನೇ ನಂಬರು ನನಗೇ ಬಂತು. ಕೊನೆಯ ನಂಬರೂ ನನಗೇ ಬಂತು. ಯಾಕೆಂದರೆ ಇದ್ದದ್ದೇ ನಾನೊಬ್ಬಳು! ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಗುಮಾಸ್ತೆ, ಜವಾನ, ಗಂಟೆ ಹೊಡೆಯುವವಳು ಎಲ್ಲವೂ ನಮ್ಮ ಆತ್ಯಾ, ಅಂದರೆ ನನ್ನ ಅಪ್ಪನ ಅಕ್ಕ. ಇಷ್ಟನ್ನು ನೀವು ನಂಬಿದರೆ ಇನ್ನೊಂದನ್ನೂ ನಂಬಿಬಿಡಿ. ಮಾಳಿಗೆಯ ಮೇಲೆ ಕೂತ ಈ ಆತ್ಯಾ ಕೆಳಗೆ ಅಡುಗೆಮನೆಯಲ್ಲಿ ಕೂತ ನನಗೆ ಮನೆಗೆಲಸದ ಪ್ರಶ್ನೆ ಕಳಿಸುತ್ತಿದ್ದದ್ದು ಅಂಚೆಯಲ್ಲಿ. ನಮ್ಮಿಬ್ಬರ ನಡುವೆ ಇದ್ದದ್ದು ಹದಿನಾಲ್ಕು ಮೆಟ್ಟಿಲು.

ಆತ್ಯಾ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಶಹಾಬಜಾರದ ನಮ್ಮ ಓಣಿಯಲ್ಲಿ ಯಾರ ಮನೆಗೆ ಯಾವ ಊರಿನಿಂದ ಕಾಗದ ಬರುತ್ತದೆ ಎನ್ನುವುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಅಡ್ರೆಸ್ ಸರಿ ಇದ್ದದ್ದು ಒಂದೂ ಬರಲಿಲ್ಲ. ಬಂದಷ್ಟೂ ವಾಪಸ್ ಕಳಸೀನಿ" ಎನ್ನುತ್ತಿದ್ದಳು. ಬಾಯಿಮಾತಿನ ಮೇಲೆ ಅವಳಿಗೆ ಕಿಂಚಿತ್ತೂ ವಿಶ್ವಾಸವಿರಲಿಲ್ಲ. "ಬಾಯಿಲೆ ಅಂದದ್ದು ಗಾಳಿಗಿ ಹೋತು. ಠಸ್ಸೆ ಬಿದ್ದದ್ದೇ ಖರೆ" ಎನ್ನುವುದು ಅವಳ ಸಿದ್ಧಾಂತ. ಅಂಚೆಯವರ ತಾರೀಖಿನ ಮುದ್ರೆ, ಆ ಠಸ್ಸೆ, ಬೀಳದ ಮಾತನ್ನು ಅವಳು ಮಾತೆಂದೇ ಎಣಿಸುತ್ತಿರಲಿಲ್ಲ.

ಹಾಗಾದರೆ ಅವಳು ಶಾಲೆ ತೆರೆದದ್ದು ಯಾಕೆ? ನಾಲ್ಕನೇ ಇಯತ್ತೆಯವರೆಗೆ ನಾನೂ ಎಲ್ಲರ ಹಾಗೆ ಖೂಬಾ ಪ್ಲಾಟಿನ ಕಡೆಯ ಒಂದು ಶಾಲೆಗೆ ಹೋಗುತ್ತಿದ್ದೆ. ವರ್ಷದ ಕೊನೆಯಲ್ಲಿ ಒಂದು ದಿನ ಟೀಚರು ಭೀಮಾ ನದಿ ಗೋದಾವರಿಗೆ ಸೇರುತ್ತದೆ ಎಂದರು. ನಾನು ಎದ್ದು ಕೃಷ್ಣೆಗೆ ಎಂದೆ. ನನ್ನನ್ನು ಹೊರಗೆ ಮೊಣಕಾಲ ಮೇಲೆ ಕೂರಿಸಿದರು. ಊಟದ ಡಬ್ಬಿ ಕೊಡಲು ಬಂದ ಆತ್ಯಾ ಅದನ್ನು ನೋಡಿದಳು.

"ಟೀಚರ್, ಭೀಮಾ ಯಾವ ನದಿಗಿ ಕೂಡ್ತದರಿ?"

"ಮೇಡಂ, ಇದು ಶಿಸ್ತಿನ ಪ್ರಶ್ನೆ."

"ನಾ ನದಿ ಪ್ರಶ್ನೆ ಕೇಳೀನಿ."

ಟೀಚರು ಕರಿಹಲಗೆಯ ಕಡೆ ತಿರುಗಿದರು. ಆತ್ಯಾ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಹೊರಟಳು. ಕೊನೆಯ ಮೆಟ್ಟಿಲು ಇಳಿದು, ತಿರುಗಿ ನಿಂತು, "ಇನ್ನ ಮ್ಯಾಲ ನಾ ಯಾವ ಸಾಲಿ ಪಾವಟಿಗೀನೂ ತುಳಿಯೂದಿಲ್ಲ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದಳು. ಅಷ್ಟೇ ಅಲ್ಲ, ಮನೆಗೆ ಬಂದು, ಯಾವ ಶಾಲೆಯ ಮೆಟ್ಟಿಲನ್ನೂ ತುಳಿಯುವುದಿಲ್ಲ ಎಂಬ ಆ ಮಾತನ್ನೇ ಒಂದು ಕಾರ್ಡಿನಲ್ಲಿ ಬರೆದು ಆ ಶಾಲೆಗೆ ಪೋಸ್ಟ್ ಮಾಡಿದಳು. ಠಸ್ಸೆ ಬೀಳಬೇಕಲ್ಲ!

ಹೀಗೆ ಮಾಳಿಗೆ ಮೇಲೆ ನನ್ನ ಶಾಲೆ ಶುರುವಾಯಿತು. ಬೆಳಿಗ್ಗೆ ದೇವರಮನೆಯ ಗಂಟೆಯೇ ಶಾಲೆಯ ಗಂಟೆ. ನಂತರ ಹಾಜರಿ. ಎದುರಿಗೆ ಒಂದು ಮೊಳ ದೂರದಲ್ಲಿ ನಾನು ಕೂತಿದ್ದರೂ ಪುಸ್ತಕ ತೆರೆದು, ಕನ್ನಡಕ ಏರಿಸಿ, ನನ್ನ ಪೂರ್ಣ ಹೆಸರು ಕೂಗುತ್ತಿದ್ದಳು. ನಾನು "ಹಾಜರ್ ರೀ" ಎನ್ನಬೇಕು. ಬಾಯಿ ಬಿಡದಿದ್ದರೆ ಗೈರುಹಾಜರಿ. ಒಮ್ಮೆ ಜ್ವರ ಬಂದು ಅವಳ ತೊಡೆಯ ಮೇಲೆಯೇ ತಲೆಯಿಟ್ಟು ಮಲಗಿದ್ದೆ. ಒಂದು ಕೈಯಿಂದ ನನ್ನ ಹಣೆಗೆ ಒದ್ದೆಬಟ್ಟೆ ಹಾಕುತ್ತ, ಇನ್ನೊಂದು ಕೈಯಿಂದ ನನಗೆ ಗೈರುಹಾಜರಿ ಹಾಕಿದಳು.

ಆಟೋಟದ ದಿನವೂ ಇತ್ತು. ಮಾಳಿಗೆಯ ಈ ತುದಿಯಿಂದ ಆ ತುದಿಗೆ ಓಟದ ಸ್ಪರ್ಧೆ. ನಾನು ಒಬ್ಬಳೇ ಓಡಿದೆ, ನನಗೆ ಎರಡನೇ ಬಹುಮಾನ ಕೊಟ್ಟಳು.

"ಮೊದಲನೇದು ಯಾರಿಗಿ ಆತ್ಯಾ?"

"ಇನ್ನೂ ಜೋರ್ ಓಡೋರಿಗಿ. ಬಂದಾಗ ಕೊಡ್ತೀನಿ."

ಆ ಮೊದಲನೇ ಬಹುಮಾನ, ಒಂದು ಸ್ಟೀಲಿನ ಲೋಟ, ಇವತ್ತಿಗೂ ಅವಳ ಟ್ರಂಕಿನಲ್ಲಿದೆ.

ಇನ್ನು ಅಂಚೆಯ ವಿಚಾರ. ಬೆಳಿಗ್ಗೆ ಓಣಿಯ ಮೂಲೆಯ ಕೆಂಪು ಡಬ್ಬಿಗೆ ಒಂದು ಕಾರ್ಡು ಹಾಕುತ್ತಿದ್ದಳು. ಅದು ಊರೆಲ್ಲ ಸುತ್ತಿ ನಮ್ಮ ಬಾಗಿಲಿಗೇ ಬರುತ್ತಿತ್ತು. ಪೋಸ್ಟ್‌ಮನ್ ಒಮ್ಮೆ ತಡೆಯಲಾರದೆ ಕೇಳಿದ: "ಅಮ್ಮಾರ, ಮ್ಯಾಲಿಂದ ಕೆಳಗ ಒಗದ್ರ ಆಗ್ತಿತ್ತಲ್ರಿ?"

"ಒಗದದ್ದಕ್ಕ ಠಸ್ಸೆ ಯಾರು ಹೊಡೀತಾರಪ?"

ಕಾರ್ಡಿನಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತು. ಕುದಿಯುವ ಸಾರಿನ ಮುಚ್ಚಳ ಯಾಕೆ ಕುಣಿಯುತ್ತದೆ? ಬಿಸಿಲಿಗೆ ರೈಲು ಹಳಿ ಉದ್ದವಾಗುವುದಾದರೆ ಕಲಬುರಗಿಗೂ ವಾಡಿಗೂ ಇರುವ ದೂರ ಯಾಕೆ ಹೆಚ್ಚಾಗುವುದಿಲ್ಲ? ನಾನು ಪುಸ್ತಕ ತಿರುವಿ, ಅಮ್ಮನ ತಲೆ ತಿಂದು, ಉತ್ತರ ಬರೆದು, ಮೂರು ಮಡಿಕೆ ಮಡಚಿ, ಮೇಲೆ ಅವಳ ವಿಳಾಸ ಬರೆದು ಅದೇ ಕೆಂಪು ಡಬ್ಬಿಗೆ ಹಾಕಬೇಕು. ಸುಳ್ಳು ಯಾಕೆ ಹೇಳಲಿ, ನಾನು ಬಹಳ ಕಲಿತೆ. ಒಳ್ಳೆಯ ಶಾಲೆಯೇ ಅದು. ಆದರೆ ಒಳ್ಳೆಯ ಶಾಲೆ ಎಂಬ ಕಾರಣಕ್ಕೆ ಅದರಲ್ಲೇ ಕೂತಿರಬೇಕೇ?

ಒಂಬತ್ತೂವರೆಗೆ ಮಾಳಿಗೆಯ ಕಟ್ಟೆಗೆ ಆತು ನಿಂತರೆ ಓಣಿಯಲ್ಲಿ ಸಮವಸ್ತ್ರದ ಹುಡುಗಿಯರು ಒಬ್ಬರನ್ನೊಬ್ಬರು ತಳ್ಳುತ್ತ, ಬೈಯುತ್ತ, ನಗುತ್ತ ಹೋಗುವುದು ಕಾಣುತ್ತಿತ್ತು. ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ತಳ್ಳಿರಲಿಲ್ಲ. ನನಗೆ ಹಿಂದಿನ ಬೆಂಚು ಬೇಕಾಗಿತ್ತು, ಒಂದೇ ಚಾಪೆಗೆ ಹಿಂದು ಎಲ್ಲಿಂದ ಬರಬೇಕು? ಎಂಟನೇ ಇಯತ್ತೆ ಮುಗಿದಾಗ ನಾನು ನಿರ್ಧರಿಸಿದೆ. ಅವಳ ನಿಯಮದಂತೆಯೇ ಕಾರ್ಡು ಬರೆದೆ.

"ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ, ಒಂಬತ್ತನೇ ತರಗತಿಗೆ ನಾನು ಸರಕಾರಿ ಪ್ರೌಢಶಾಲೆಗೆ ಹೋಗುತ್ತೇನೆ. ಇದು ವಿನಂತಿಯಲ್ಲ, ತಿಳಿವಳಿಕೆ ಪತ್ರ. ಕಾರಣ: ಇಲ್ಲಿ ಜಗಳವಾಡಲು ಯಾರೂ ಇಲ್ಲ, ಹಿಂದಿನ ಬೆಂಚೂ ಇಲ್ಲ. ಇಂತಿ, ತಮ್ಮ ಏಕೈಕ ವಿದ್ಯಾರ್ಥಿನಿ."

ಕಾರ್ಡು ತಂದ ಪೋಸ್ಟ್‌ಮನ್ ಅದನ್ನು ಓದಿಕೊಂಡೇ ಬಂದಿದ್ದ ಎಂದು ಕಾಣುತ್ತದೆ. ಕೊಟ್ಟ ಮೇಲೂ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತ. ಆತ್ಯಾ ಹದಿನಾಲ್ಕೂ ಮೆಟ್ಟಿಲು ಇಳಿದು ಬಂದು ಕಾರ್ಡು ಓದಿದಳು.

"ಜಗಳಕ್ಕ ನಾ ಇಲ್ಲೇನ?"

"ನಿನ್ನ ಜೋಡಿ ಆಡಿದ್ರ ನೀನೇ ಗೆಲ್ತಿ. ಪೇಪರ್ ತಗಿಯಾಕೀನೂ ನೀನೇ, ತಿದ್ದಾಕೀನೂ ನೀನೇ."

"ಅಲ್ಲಿ ಮೊಣಕಾಲ ಮ್ಯಾಲ ಕೂಡಸ್ತಾರ, ಪೋರಿ."

"ಕೂಡಸ್ಲಿ. ನಾ ಏಳ್ತೀನಿ. ಏಳೂದು ನೀನೇ ಕಲಿಸೀದಿ."

ಆತ್ಯಾ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನ ಸಾಲಿ ಬಿಟ್ಟು ಹೋಗೋರಿಗಿ ನಾ ಟಿ.ಸಿ. ಕೊಡೂದಿಲ್ಲ" ಎಂದು ಹೇಳಿ ಮೇಲೆ ಹೋದಳು. ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಳು. ನಾನೂ ಬಿಟ್ಟೆ. ನಾನೇನು ಕಡಿಮೆಯೇ?

ಅಪ್ಪ ಕಮಲಾಪುರದ ತಹಸೀಲ್ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಯಾರಿಗೂ ಇಲ್ಲ ಎನ್ನದ ಮನುಷ್ಯ, ಹೀಗಾಗಿ ನಮ್ಮಿಬ್ಬರಿಗೂ ಹೂಂ ಎಂದ. ನನ್ನನ್ನೂ ಅದೇ ಬಸ್ಸಿಗೆ ಹತ್ತಿಸಿ ಅಲ್ಲಿನ ಪ್ರೌಢಶಾಲೆಗೆ ಕರೆದೊಯ್ದ. ಹೆಡ್‌ಮಾಸ್ತರು ಟಿ.ಸಿ. ಕೇಳಿದರು.

"ಟಿ.ಸಿ. ಕೊಡೋರು ಮಾತು ಬಿಟ್ಟಾರ್ರಿ ಸರ್" ಎಂದೆ.

ಅವರು ಕಥೆಯೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಪರೀಕ್ಷೆ ಬರೆಸಿ, ಮೇಲಿನವರ ಅನುಮತಿ ತರಿಸಿ, ಸೇರಿಸಿಕೊಂಡರು. ಆದರೆ ಒಂದು ಮಾತು ಹೇಳಿದರು: "ನಾಕು ವರ್ಷ ಏನ್ ಕಲ್ತೀ ಅಂತ ಕಲಿಸಿದವರ ಸಹಿ ಇದ್ದ ಕಾಗದ ಬೇಕವಾ. ಹತ್ತನೇದರ ಪರೀಕ್ಷಾ ಅರ್ಜಿ ತುಂಬೂದ್ರೊಳಗ ತಂದ್ಕೊಡು. ಇಲ್ಲಂದ್ರ ಅರ್ಜಿ ಕಳಸಾಕ ಬರೂದಿಲ್ಲ."

ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದ ಷಾಹೀನ್, ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣಿನ ಬಂಡಿ ಇಟ್ಟವರ ಮಗಳು, ಮೊಣಕೈಯಿಂದ ತಿವಿದು "ಜರಾ ಸರಕೊ" ಎಂದು ನನ್ನನ್ನು ತಳ್ಳಿದಳು. ನಾನು ಮನಸಾರೆ ಥ್ಯಾಂಕ್ಸ್ ಹೇಳಿದೆ. ನನಗೆ ತಲೆ ಕೆಟ್ಟಿದೆ ಎಂದು ಅವಳು ಅವತ್ತೇ ಎಲ್ಲರಿಗೂ ತಿಳಿಸಿದಳು.

ಅದಕ್ಕೆ ಸಾಕ್ಷಿಯನ್ನೂ ನಾನೇ ಒದಗಿಸಿದೆ. ಮೊದಲ ಕಿರುಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿ, ಅಭ್ಯಾಸಬಲದಿಂದ ಹಾಳೆಯನ್ನು ಮೂರು ಮಡಿಕೆ ಮಡಚಿ, ಮೇಲೆ ಗಣಿತದ ಸರ್ ವಿಳಾಸವನ್ನು ಪಿನ್‌ಕೋಡ್ ಸಮೇತ ಬರೆದು ಎದ್ದು ಹೊರಟೆ. ನಾನು ಅಂಚೆಡಬ್ಬಿ ಹುಡುಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿದ್ದೆ ಎಂದು ಷಾಹೀನ್ ಇವತ್ತಿಗೂ ಹೇಳುತ್ತಾಳೆ. ಶುದ್ಧ ಸುಳ್ಳು! ಗೇಟಿನವರೆಗೆ ಮಾತ್ರ ಹೋಗಿದ್ದೆ.

ಆ ಪರೀಕ್ಷೆಯಲ್ಲಿ ನಲವತ್ತೊಂದು ಜನರಲ್ಲಿ ನನಗೆ ಇಪ್ಪತ್ಮೂರನೇ ನಂಬರು. ಎಂಥ ಆನಂದ! ನನ್ನ ಮುಂದೆ ಇಪ್ಪತ್ತೆರಡು ಜನ, ಹಿಂದೆ ಹದಿನೆಂಟು ಜನ. ಸಂಜೆ ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು ಅಮ್ಮನಿಗೆ ಹೇಳುವಂತೆ ಮೇಲಕ್ಕೆ ಕೂಗಿ ಹೇಳಿದೆ. ಮೇಲಿನಿಂದ ಕೆಮ್ಮು ಸಹ ಬರಲಿಲ್ಲ. ಆ ಮೌನ ನನಗೆ ನೋವು ಕೊಟ್ಟಿತು, ತೋರಿಸಿಕೊಳ್ಳಲಿಲ್ಲ ಅಷ್ಟೇ.

ಮೂರನೇ ವಾರ ಶಾಲೆಯ ಜವಾನ ತರಗತಿಗೆ ಬಂದು ನನ್ನ ಹೆಸರಿಗೆ ಒಂದು ಕಾರ್ಡು ಕೊಟ್ಟ. ಕ್ಷೇಮಸಮಾಚಾರವಿಲ್ಲ, ಸಹಿಯಿಲ್ಲ. "ಕೆಂಪು ಬಾಳೆಯ ಸಿಪ್ಪೆ ಕೆಂಪು. ಒಳಗೆ ಯಾಕೆ ಕೆಂಪಲ್ಲ?" ಅಷ್ಟೇ. ನನ್ನ ತಲೆಯ ಮೇಲಿನ ಕೋಣೆಯಲ್ಲಿ ಮಲಗುವ ಹೆಂಗಸು ಸುಮಾರು ನಲವತ್ತು ಕಿಲೋಮೀಟರ್ ದೂರಕ್ಕೆ ಕಾರ್ಡು ಕಳಿಸುತ್ತಾಳೆ, ಅದನ್ನು ನಾನು ಬಸ್ಸಿನಲ್ಲಿ ಹೊತ್ತು ವಾಪಸ್ ಅವಳ ಕಾಲ ಕೆಳಗೇ ತರುತ್ತೇನೆ. ಮಾತು ಮಾತ್ರ ಇಲ್ಲ!

ಷಾಹೀನ್ ಬಂಡಿಯಿಂದ ಹಣ್ಣು ತಂದು ಸುಲಿದಳು. ಇಡೀ ತರಗತಿ ಸುತ್ತ ನೆರೆಯಿತು. ವಿಜ್ಞಾನದ ಸರ್ "ಇದು ಪಠ್ಯದಾಗ ಇಲ್ಲ" ಎಂದವರು ಮರುದಿನ ಓದಿಕೊಂಡು ಬಂದು ಅರ್ಧ ಗಂಟೆ ಪಾಠ ಮಾಡಿದರು. ಆಮೇಲೆ ವಾರಕ್ಕೊಂದು ಕಾರ್ಡು ಬರತೊಡಗಿತು. "ಏ, ನಿಮ್ಮ ಫುಫ್ಫೀದು ಖತ್ ಬಂತು" ಎಂದು ಷಾಹೀನ್ ಆತ್ಯಾಳ ಕಾರ್ಡು ಹಿಡಿದು ಕೂಗಿದರೆ ನಲವತ್ತು ತಲೆಗಳು ತಿರುಗುತ್ತಿದ್ದವು. ಉತ್ತರವನ್ನೂ ಎಲ್ಲರೂ ಬರೆದು ಕಳಿಸತೊಡಗಿದರು. ಶಹಾಬಜಾರದ ಪೋಸ್ಟ್‌ಮನ್ ನಲವತ್ತೊಂದು ಕಾರ್ಡಿನ ಕಟ್ಟು ತಂದು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದ. ಆತ್ಯಾ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದಳು. ಷಾಹೀನಳಿಗೆ, "ಉತ್ತರ ತಪ್ಪು. ಧೈರ್ಯ ಚೆನ್ನಾಗಿದೆ" ಎಂದು ಬರೆದಿದ್ದಳು. ಷಾಹೀನ್ ಅದನ್ನು ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡಳು. ನನಗೆ, "ಅಕ್ಷರ ಸುಧಾರಿಸು."

ಹೀಗೇ ಒಂಬತ್ತು ಮುಗಿದು ಹತ್ತು ಬಂತು. ಪರೀಕ್ಷಾ ಅರ್ಜಿಯ ದಿನಗಳೂ ಬಂದವು. ಹೆಡ್‌ಮಾಸ್ತರು ಎರಡು ಸಲ ನೆನಪಿಸಿದರು. ಒಂದು ಊಟದ ಹೊತ್ತಿನಲ್ಲಿ ಅಪ್ಪ ತಟ್ಟೆ ನೋಡುತ್ತ ಶುರುಮಾಡಿದ: "ಅಕ್ಕಾ, ಅದೊಂದು ಕಾಗದ..."

"ಕೇಳೋರಿಗಿ ಬಾಯಿ ಇಲ್ಲಂತೇನು?" ಎಂದು ಆತ್ಯಾ ಅಮ್ಮನನ್ನು ಕೇಳಿದಳು.

"ಕೊಡೋರಿಗಿ ಕೈ ಇಲ್ಲಂತೇನು?" ಎಂದು ನಾನೂ ಅಮ್ಮನನ್ನೇ ಕೇಳಿದೆ.

ಅಮ್ಮ ಇಬ್ಬರಿಗೂ ಸಾರು ಬಡಿಸಿ ಒಳಗೆ ಹೋದಳು. ನಾನು ಕೈ ಮುಗಿದು ಕೇಳಬಹುದಿತ್ತು. ಕೇಳಲಿಲ್ಲ. ನಾನು ಅವಳ ಶಾಲೆಯಲ್ಲೇ ಕಲಿತವಳು, ಅಲ್ಲಿ ಬಗ್ಗುವ ಪಾಠವೇ ಇರಲಿಲ್ಲ. ಆದರೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ದಿನಾ ಹೆದರುತ್ತಿದ್ದೆ. ಒಂದು ವರ್ಷ ಹೋಗುತ್ತದೆ ಎಂಬ ಹೆದರಿಕೆಗಿಂತ, ಆತ್ಯಾ ಹೀಗೇ ಉಳಿದುಬಿಟ್ಟರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ಕೊನೆಯ ದಿನ. ಮಧ್ಯಾಹ್ನ ಊಟ ಮುಗಿದು ಎಲ್ಲರ ಅರ್ಜಿ ಕಟ್ಟುತ್ತಿದ್ದರು, ನನ್ನದು ಮೇಜಿನ ಮೇಲೆ ಬೇರೆಯಾಗಿ ಬಿದ್ದಿತ್ತು. ಷಾಹೀನ್ ಓಡಿಬಂದು ನನ್ನ ತೋಳು ಹಿಡಿದೆಳೆದಳು. ಹೊರಗೆ ಬಿಸಿಲಲ್ಲಿ, ಶಾಲೆಯ ಮೆಟ್ಟಿಲ ಮುಂದೆ, ಆತ್ಯಾ ನಿಂತಿದ್ದಳು. ಕೈಯಲ್ಲಿ ಒಂದು ಲಕೋಟೆ. ಅದಕ್ಕೆ ಸ್ಟಾಂಪು ಇರಲಿಲ್ಲ.

ಹೆಡ್‌ಮಾಸ್ತರು ತಾವೇ ಇಳಿದು ಹೋಗಲು ಎದ್ದರು. ಆತ್ಯಾ ಕೈಯೆತ್ತಿ ಅವರನ್ನು ತಡೆದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿ ನೋಡಿ ಹತ್ತಿ ಬಂದಳು. ಐದು ಮೆಟ್ಟಿಲು. ನನ್ನ ಮುಂದೆ ನಿಂತು, ಒಂದೂವರೆ ವರ್ಷದ ನಂತರ ಮೊದಲ ಮಾತು ಆಡಿದಳು.

"ಪೋಸ್ಟಿಗಿ ಹಾಕಿದ್ರ ನಾಳಿ ಮುಟ್ತಿತ್ತು, ಪೋರಿ."

ಲಕೋಟೆಯಲ್ಲಿ ಟಿ.ಸಿ. ಇತ್ತು. ಸ್ಕೇಲು ಹಿಡಿದು ಗೆರೆ ಎಳೆದ ಕಾಗದ, ನಾಲ್ಕು ವರ್ಷ ಕಲಿತದ್ದರ ಪಟ್ಟಿ, ಕೆಳಗೆ ಸಹಿ. ಬರೆದ ತಾರೀಖು ನಾನು ರಾಜೀನಾಮೆ ಕೊಟ್ಟ ದಿನದ್ದು. ಅಂದೇ ಮೇಲೆ ಹೋಗಿ ಬರೆದಿಟ್ಟಿದ್ದಳು! ಹೆಡ್‌ಮಾಸ್ತರು ಗಟ್ಟಿಯಾಗಿ ಓದಿದರು: "ನಡತೆ: ಎದುರು ಮಾತಾಡುತ್ತಾಳೆ. ಉತ್ತಮ." ಎಲ್ಲರೂ ನಕ್ಕರು. ಮುಂದಿನ ಸಾಲಿಗೆ ಅವರ ದನಿ ಇಳಿಯಿತು. "ಶಾಲೆ ಬಿಡಲು ಕಾರಣ: ವಿದ್ಯಾರ್ಥಿನಿ ಬೆಳೆದಳು. ಶಾಲೆ ಬೆಳೆಯಲಿಲ್ಲ."

"ಅದೇನೋ ಹಿಂದಿನ ಬೆಂಚ್ ಬೇಕಾಗಿತ್ತಲ್ಲ ನಿನಗ. ತೋರಸು" ಎಂದಳು ಆತ್ಯಾ.

ಕರೆದೊಯ್ದೆ. ಅವಳು ನನ್ನ ಮತ್ತು ಷಾಹೀನಳ ನಡುವೆ ಕೂತಳು. ಷಾಹೀನ್ ರೂಢಿಯಂತೆ "ಜರಾ ಸರಕೊ" ಎಂದು ತಳ್ಳಿ ನಾಲಿಗೆ ಕಚ್ಚಿಕೊಂಡಳು, ಆತ್ಯಾ ನಗುತ್ತ ಸರಿದಳು. ಮಧ್ಯಾಹ್ನದ ಹಾಜರಿ ಶುರುವಾಯಿತು. ಸರ್ ನನ್ನ ಹೆಸರು ಕೂಗಿದರು. ನಾನು ಆತ್ಯಾಳ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದೆ. ಸರ್ ಇನ್ನೊಮ್ಮೆ ಕೂಗಿದರು. ಬಾಯಿ ಬಿಡದವಳಿಗೆ ಜ್ವರದಲ್ಲೂ ಗೈರುಹಾಜರಿ ಹಾಕಿದ್ದ ಆತ್ಯಾ ಬೆಂಚು ಹಿಡಿದು ಎದ್ದು ನಿಂತಳು.

"ಹಾಜರ್ ಅದಾಳ್ರಿ" ಎಂದಳು.