ಏಳಡಿ ಪೈಪು, ಎಂಜಲು ಗಾಳಿ

ನೌಕಾಪಡೆಯಲ್ಲಿ ಹದಿನೈದು ವರ್ಷ ಸಮುದ್ರದಲ್ಲಿ ಮುಳುಗಿ ಎದ್ದೆ, ಹೇಳಿಕೊಳ್ಳುವಂಥ ಒಂದು ತಮಾಷೆಯೂ ಆಗಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಿವೃತ್ತನಾಗಿ ಬಂದು ಅರಸೀಕೆರೆ ಸುತ್ತಮುತ್ತಲ ತೋಟದ ಬಾವಿಗಳಿಗೆ ಇಳಿಯತೊಡಗಿದೆ ನೋಡಿ, ಅಲ್ಲಿಂದ ವಾರಕ್ಕೊಂದು ತಪ್ಪಲಿಲ್ಲ. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಮುಳುಗುವ ಕಸುಬು ಹಿಡಿದವನಿಗೆ ಇದು ತಕ್ಕ ಶಾಸ್ತಿ ಎಂದು ನನ್ನ ಅಕ್ಕನ ಅಭಿಪ್ರಾಯ.

ಕೆಲಸ ಇಷ್ಟೆ: ಬಾವಿಗೆ ಬಿದ್ದ ಮೋಟಾರು, ಫುಟ್‌ವಾಲ್ವು ಎತ್ತಿಕೊಡುವುದು. ನನ್ನ ಜೊತೆಗಾರರು ಅಕ್ಕನ ಗಂಡ, ಅಂದರೆ ಭಾವ. ಬಸ್ ಸ್ಟ್ಯಾಂಡ್ ಹತ್ತಿರ ಪಂಪು, ಪೈಪಿನ ಅಂಗಡಿ ಅವರದು. ಗಿರಾಕಿಗಳನ್ನು ಅವರು ಹಿಡಿದರು, ಮುಳುಗುವುದನ್ನು ಅವರಿಗೆ ನಾನು ಕಲಿಸಿದೆ. ಒಳ್ಳೆಯ ಈಜುಗಾರರು, ಗಟ್ಟಿ ಗುಂಡಿಗೆ. ಒಂದೇ ಐಬು: ಎಂಜಲು ಅಂದರೆ ಆಗದು. ಬಿಸಿ ಕಾಫಿಯನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನುಷ್ಯ.

೧. ಅಳತೆ

ನಮ್ಮ ಸಾಮಾನಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಬಾಯಲ್ಲಿ ಕಚ್ಚಿಕೊಂಡು ಉಸಿರೆಳೆಯುವ ರೆಗ್ಯುಲೇಟರು. ಭಾವನದು ಹಳೇ ಸೆಟ್ಟು, ಅದಕ್ಕೆ ರೆಗ್ಯುಲೇಟರು ಒಂದೇ. ನನ್ನದಕ್ಕೆ ಎರಡು. ಅವರ ಗಾಳಿ ಕೈಕೊಟ್ಟರೆ ನನ್ನದರಲ್ಲಿ ಒಂದನ್ನು ಅವರಿಗೆ ಕೊಡಬೇಕು. ನಮ್ಮ ಕಡೆಯ ಬಾವಿಗಳೋ ಇಕ್ಕಟ್ಟು, ಇಬ್ಬರು ಅಕ್ಕಪಕ್ಕ ಮೇಲೇಳಲು ಆಗುವುದಿಲ್ಲ, ಒಬ್ಬರ ಕೆಳಗೊಬ್ಬರು ಬರಬೇಕು. ಹಾಗಾಗಿ ಮೂರಡಿ ಪೈಪು ಸಾಲದು, ಏಳಡಿಯದು ತರಿಸೋಣ ಎಂದೆ.

"ಏಳಡಿ ಯಾಕೋ? ಹನ್ನೆರಡಡಿ ತರಿಸು," ಎಂದರು ಭಾವ.

"ಜಾಸ್ತಿ ಆದ್ರೆ ಕಾಲಿಗೆ ಸುತ್ಕೊಳ್ತದೆ ಭಾವ."

"ಇಪ್ಪತ್ತು ವರ್ಷದಿಂದ ಪೈಪು ಮಾರ್ತಾ ಇದೀನಿ. ಅಳತೆಗೆ ಸರಿಯಾಗಿ ತಗೊಂಡೋನು ಒಬ್ಬನೂ ಉದ್ಧಾರ ಆಗಿಲ್ಲ. ವರ್ಷ ವರ್ಷ ನೀರು ಕೆಳಕ್ಕೆ ಹೋಗ್ತದೆ ಕಣೋ!"

ನೀರು ಎಷ್ಟು ಕೆಳಗೆ ಹೋದರೂ ಈ ಪೈಪು ನನ್ನ ಬೆನ್ನಿನಿಂದ ನನ್ನ ಎದೆ ಸುತ್ತಿ ಬಾಯಿಗೆ ಬಂದರೆ ಸಾಕು ಎಂದು ಬಿಡಿಸಿ ಹೇಳಿದೆ. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆದ್ರೂ ಒಂದಡಿ ಜಾಸ್ತಿ ಇರ್ಲಿ. ಪಿಂಚಣಿ ಬಂದ್ಮೇಲೆ ನೀನೂ ದಪ್ಪ ಆಗ್ತಾ ಇದೀಯ."

೨. ಗೆಂಡೆಹಳ್ಳಿ ಕಡೆಯ ಕೆರೆಯಲ್ಲಿ

ಏಳಡಿ ಪೈಪು ಬಂತು. ಅಭ್ಯಾಸಕ್ಕೆಂದು ಗೆಂಡೆಹಳ್ಳಿ ಕಡೆಯ ಒಂದು ಕೆರೆಗೆ ಹೋದೆವು. ಉದ್ದ ಪೈಪಿನದು ನನ್ನ ಬಾಯಲ್ಲಿ, ಗಿಡ್ಡ ಪೈಪಿನದು ದಾರದಲ್ಲಿ ನನ್ನ ಕೊರಳಿಗೆ ನೇತುಬಿದ್ದಿರುತ್ತದೆ. ಭಾವ, ನಿಮಗೆ ಗಾಳಿ ಬೇಕಾದಾಗ ನನ್ನ ಬಾಯಲ್ಲಿರುವುದನ್ನೇ ತೆಗೆದು ಕೊಡುತ್ತೇನೆ, ಅದು ಸರಿಯಾಗಿ ನಡೆಯುತ್ತಿದೆ ಎಂದು ಗ್ಯಾರಂಟಿ ಇರುತ್ತದೆ, ಎಂದೆ.

ಭಾವನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. "ನಿನ್ನ ಬಾಯಲ್ಲಿರೋದಾ? ಥೂ!"

ನೀರೊಳಗೆ ಇಳಿದು, ಗಾಳಿ ಇಲ್ಲ ಎಂದು ಅವರು ಸನ್ನೆ ಮಾಡಿದರು. ನಾನು ಬಾಯಲ್ಲಿದ್ದದ್ದನ್ನು ಚಾಚಿದೆ. ಅವರು ಅದನ್ನು ಪಕ್ಕಕ್ಕೆ ತಳ್ಳಿ, ನನ್ನ ಕೊರಳಲ್ಲಿದ್ದ ಗಿಡ್ಡ ಪೈಪಿನದಕ್ಕೆ ಬಾಯಿ ಹಾಕಲು ಬಂದರು. ಹಣೆಗೆ ಹಣೆ ಢಿಕ್ಕಿ. ಐದು ಸಲ ಅಭ್ಯಾಸ, ಐದು ಢಿಕ್ಕಿ.

ದಡಕ್ಕೆ ಬಂದ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. "ನಿಜವಾಗ್ಲೂ ಗಾಳಿ ನಿಂತ ದಿನ ಹಿಂಗೇ ಮಾಡಿದ್ರೆ ಅಕ್ಕನಿಗೆ ನಾನೇನು ಹೇಳ್ಲಿ?"

ಭಾವ ಬುರುಡೆ ನೀವಿಕೊಳ್ಳುತ್ತ ಹೇಳಿದರು: "ಮಡಿಯಾಗಿ ಹೋದ್ರು ಅಂತ ಹೇಳು."

ನಗು ಬಂದರೂ ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಅವತ್ತಿನಿಂದ ಪ್ರತಿ ಬಾವಿಗೂ ಆ ಹೆದರಿಕೆ ಹೊತ್ತುಕೊಂಡೇ ಇಳಿದೆ.

೩. ಎಡವೋ ಬಲವೋ

ಈ ಉದ್ದ ಪೈಪನ್ನು ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಬೆನ್ನಿನಿಂದ ಬಲಗಂಕುಳ ಕೆಳಗೆ ತಂದು, ಎದೆಯ ಮೇಲೆ ಓರೆಯಾಗಿ ಎಡ ಹೆಗಲಿಗೆ ಏರಿಸಿ, ಕತ್ತಿನ ಹಿಂದಿನಿಂದ ಬಾಯಿಗೆ ತಂದುಕೊಳ್ಳಬೇಕು. ಆಗ ಕೊಡುವಾಗ ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಹಾರನಹಳ್ಳಿಯಲ್ಲಿ ಒಬ್ಬ ಪುರೋಹಿತರ ತೋಟದ ಬಾವಿ. ಅವಸರದಲ್ಲಿ ಎಡಗಂಕುಳಿಂದ ಬಲ ಹೆಗಲಿಗೆ ಹಾಕಿಕೊಂಡುಬಿಟ್ಟೆ. ಇನ್ನೇನು ಮೆಟ್ಟಿಲಿಗೆ ಕಾಲಿಡಬೇಕು, ಪುರೋಹಿತರು ಅಡ್ಡ ಬಂದು ನಿಂತರು.

"ಏನ್ರೀ ಇದು? ಜನಿವಾರ ಬಲಕ್ಕೆ ಹಾಕ್ಕೊಳ್ಳೋದು ತಿಥಿ ದಿವಸ. ಎಡಕ್ಕೆ ಹಾಕ್ಕೊಳ್ರೀ!"

"ಇದು ಗಾಳಿ ಪೈಪು ಸ್ವಾಮಿ."

"ಪೈಪೋ ದಾರವೋ, ಬಲ ಹೆಗಲ ಮೇಲೆ ಇದ್ರೆ ತಿಥಿನೇ. ಇನ್ನೂ ಇಳಿದೇ ಇಲ್ಲ, ಆಗ್ಲೇ ನಿಮ್ಮದನ್ನ ನೀವೇ ಮಾಡ್ಕೊಳ್ತೀರಾ?"

ನೌಕಾಪಡೆಯ ಗುರುಗಳು ತಿಂಗಳುಗಟ್ಟಲೆ ಕೂಗಾಡಿ ಕಲಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ತಲೆಗೆ ಹೊಡೆದು ಕೂರಿಸಿದರು. ಆಮೇಲೆ ನಾನು ಒಂದು ದಿನವೂ ತಪ್ಪಲಿಲ್ಲ. ಭಾವ ಮಾತ್ರ ನಾನು ತಯಾರಾದಾಗಲೆಲ್ಲ ಹೆಗಲು ನೋಡಿ, "ಇವತ್ತು ವಡೆ ಪಾಯಸ ಇಲ್ಲ," ಎನ್ನುತ್ತಿದ್ದರು.

೪. ಹಳೇಬೀಡಿನ ಅಜ್ಜಿ

ಹಳೇಬೀಡಿನ ಹತ್ತಿರ ಒಂದು ತೋಟ. ಬಾವಿಕಟ್ಟೆ ಮೇಲೆ ಸಜ್ಜಾಗಿ ಕೂತಿದ್ದೆ, ಕೊರಳಿನ ದಾರದಲ್ಲಿ ಗಿಡ್ಡ ಪೈಪಿನ ರಬ್ಬರು ಬಾಯಿ ನೇತಾಡುತ್ತಿತ್ತು. ಮನೆಯ ಅಜ್ಜಿ ಹತ್ತಿರ ಬಂದು ಅದನ್ನು ಬೆರಳಲ್ಲಿ ಒತ್ತಿ ನೋಡಿದರು. ಇದು ಯಾಕಪ್ಪ ಎಂದರು. ಬಾಯಲ್ಲಿ ಕಚ್ಚಿಕೊಳ್ಳೋದಕ್ಕೆ ಅಜ್ಜಿ ಎಂದೆ.

ಅಜ್ಜಿ ನನ್ನ ನರೆತ ಮೀಸೆಯನ್ನೇ ನೋಡುತ್ತ ಕನಿಕರದಿಂದ ಕೇಳಿದರು: "ಯಾಕಪ್ಪ, ಈಗ ಹಲ್ಲು ಬತ್ತಾ ಅವ?"

೫. ಗಂಡಸಿಯ ಬಾವಿ

ಗಂಡಸಿ ಹತ್ತಿರದ ಆ ತೆಂಗಿನ ತೋಟದಲ್ಲಿ ಬಾವಿಯೊಳಗೊಂದು ಬಾವಿ. ಮೇಲೆ ಅಗಲ, ತಳದಲ್ಲಿ ಒಬ್ಬರೇ ಹಿಡಿಸುವಷ್ಟು ಸಿಮೆಂಟು ಬಳೆ. ಮೋಟಾರು ಆ ಬಳೆಯೊಳಗೆ ಕೂತಿತ್ತು. ಭಾವ ಹಗ್ಗ ಹಿಡಿದು ಒಳಗೆ ಇಳಿದರು, ನಾನು ಮೇಲೆ ನೀರಲ್ಲೇ ಬಳೆಯ ಬಾಯಿಯ ಹತ್ತಿರ ಕಾದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಬಾಯಿಗೆ ಹೋಗುವ ವಸ್ತು ಶುಚಿಯಾಗಿರಬೇಕೆಂದು ಭಾವ ಹಿಂದಿನ ದಿನ ತಮ್ಮ ರೆಗ್ಯುಲೇಟರಿನ ರಬ್ಬರು ಕಳಚಿ, ಸೀಗೆಪುಡಿಯಲ್ಲಿ ತಿಕ್ಕಿ, ಮತ್ತೆ ಸಿಕ್ಕಿಸಿ, ಟ್ವೈನು ದಾರ ಸುತ್ತಿದ್ದರು. ಮೋಟಾರಿಗೆ ಹಗ್ಗ ಕಟ್ಟಿ ತಲೆ ಎತ್ತಿದ್ದೇ ತಡ, ಆ ದಾರ ಜಾರಿತು. ರಬ್ಬರು ಭಾವನ ಹಲ್ಲಲ್ಲೇ ಉಳಿಯಿತು, ರೆಗ್ಯುಲೇಟರು ಕಳಚಿ ಬೆನ್ನ ಹಿಂದೆ ಹೋಯಿತು.

ಅವರ ಕಣ್ಣು ಹಂಡೆಯಷ್ಟಾಯಿತು. ಗಾಳಿ ಇಲ್ಲ ಎಂದು ಕುತ್ತಿಗೆಗೆ ಕೈ ಅಡ್ಡ ಎಳೆದರು. ಬಾಯಲ್ಲಿದ್ದದ್ದನ್ನು ಕಿತ್ತು ಕೆಳಗೆ ಚಾಚಿದೆ, ಏಳಡಿ ಪೈಪು ಬಿಚ್ಚಿಕೊಂಡು ಬಳೆಯೊಳಗೆ ಹೋಯಿತು. ಕೊರಳಲ್ಲಿದ್ದದ್ದನ್ನು ನಾನು ಕಚ್ಚಿಕೊಂಡೆ. ತಳ್ಳಬೇಡಿ ಭಾವ, ಇವತ್ತೊಂದು ದಿನ ತಳ್ಳಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಭಾವ ತಳ್ಳಲಿಲ್ಲ. ಹಲ್ಲಲ್ಲಿದ್ದ ರಬ್ಬರು ಉಗುಳಿ, ನಾನು ಕೊಟ್ಟದ್ದನ್ನು ಕೈಗೆ ತಗೊಂಡರು. ಮೂವತ್ತಡಿ ನೀರಿನ ತಳದಲ್ಲಿ, ಉಸಿರು ಕಟ್ಟಿ ನಿಂತ ಆ ಮನುಷ್ಯ, ಅದನ್ನು ಅದೇ ನೀರಲ್ಲಿ ಮೂರು ಸಲ ಗಲಗಲ ಅಲುಬಿ, ಹೆಬ್ಬೆರಳಲ್ಲಿ ಒಂದು ಸಲ ಉಜ್ಜಿ, ಆಮೇಲೆ ಬಾಯಿಗೆ ಇಟ್ಟುಕೊಂಡರು.

ನಗು ತಡೆಯಲಾರದೆ ನಾನು ಎರಡು ಗುಟುಕು ಬಾವಿ ನೀರು ಕುಡಿದೆ. ಒಬ್ಬರ ಕೆಳಗೊಬ್ಬರು ಮೇಲೆ ಬಂದೆವು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಒಂದು ಗಳಿಗೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಭಾವನ ಕಡೆ ತಿರುಗಿದಳು.

"ಮದ್ವೆಯಾಗಿ ಹದಿನೆಂಟು ವರ್ಷ ಆಯ್ತು. ನಾನು ಕುಡಿದ ಲೋಟ ಒಂದು ದಿನ ಮುಟ್ಟಿಲ್ಲ ನೀವು. ನನ್ನ ತಮ್ಮನ ಎಂಜಲು ಆಗ್ತದಾ?"

"ಅವ್ನು ಕೊಟ್ಟಿದ್ದು ಏಳಡಿ ದೂರದಿಂದ ಕಣೇ," ಎಂದರು ಭಾವ.

ಅಕ್ಕ ಒಳಗೆ ಹೋದಳು. ಕಾಫಿ ಲೋಟ ಹಿಡಿದು ಬಂದು, ನಮ್ಮೆದುರಿಗೇ ಒಂದು ಗುಟುಕು ಕುಡಿದಳು. ಭಾವನ ಅಂಗಡಿಯದೇ, ತೋಟಕ್ಕೆ ಹನಿ ನೀರು ಬಿಡುವ ಡ್ರಿಪ್ಪಿನ ಸಣ್ಣ ಪೈಪೊಂದರ ತುದಿಯನ್ನು ಲೋಟದೊಳಗೆ ಅದ್ದಿ, ಇನ್ನೊಂದು ತುದಿಯನ್ನು ಅವರ ಕೈಗೆ ಕೊಟ್ಟಳು. "ತಗೊಳ್ಳಿ. ಏಳಡಿ."

ಭಾವ ಪೈಪನ್ನು ನೋಡಿದರು, ಅಕ್ಕನನ್ನು ನೋಡಿದರು. ಪೈಪನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಲೋಟ ತಗೊಂಡು, ತುಟಿಗಿಟ್ಟು, ಗಟಗಟ ಕುಡಿದು ಮುಗಿಸಿದರು. ತೊಳೆಯಲೂ ಇಲ್ಲ, ಒರೆಸಲೂ ಇಲ್ಲ. ನನಗೆ ಕಣ್ಣು ತುಂಬಿ ಬಂತು.

ಅಕ್ಕ ಖಾಲಿ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದಳು. "ಥೂ, ಪೂರ್ತಿ ಎಂಜಲು ಮಾಡಿಬಿಟ್ರಲ್ರೀ," ಎಂದು ಬಚ್ಚಲಿಗೆ ಹಾಕಿ ಬಂದಳು.